ಕಳಲೆಗೆ ಮೂರನೆಯ ನೀರು

ಎರಡು ವರ್ಷದ ಹಿಂದಿನ ಆಷಾಢ. ವೀರನಹೊಸಹಳ್ಳಿಯಿಂದ ಅವ್ವನನ್ನು ಕರೆತಂದು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದೆವು. ಹೊಟ್ಟೆಯ ಗೆಡ್ಡೆ ಎಲ್ಲ ಕಡೆ ಹರಡಿದೆ ಎಂದು ಡಾಕ್ಟರು ಅಣ್ಣನನ್ನೂ ನನ್ನನ್ನೂ ಹೊರಗೆ ಕರೆದು ಹೇಳಿದರು. "ಏನು ಕೇಳ್ತಾರೋ ಕೊಡಿ" ಎಂದರು.

ಅವ್ವ ಕೇಳಿದ್ದು ಒಂದೇ. "ಕಳಲೆ ಪಲ್ಯ ತಿನ್ಬೇಕು ಅನ್ನುಸ್ತದೆ ಕಣ್ ಮಗಾ."

ಕಳಲೆ ಎಂದರೆ ಎಳೆ ಬಿದಿರಿನ ಮೊಳಕೆ. ಮೊದಲೆಲ್ಲ ಮಳೆಗಾಲದಲ್ಲಿ ನಮ್ಮ ಕಡೆ ಮನೆಮನೆಯಲ್ಲೂ ಮಾಡುತ್ತಿದ್ದರು, ಈಗ ಕಾಡಿನೊಳಗೆ ಬಿಡುವುದಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ಸಿಗದೇ ಇರುತ್ತದೆಯೇ ಎಂದು ಬಡಾವಣೆಗಳ ಮಾರ್ಕೆಟ್ ಸುತ್ತಲು ಹೊರಟೆ.

ಒಂದು ಕಡೆ ಕಳಲೆ ಇದೆಯಾ ಎಂದರೆ ಕಡಲೆಕಾಯಿ ತೋರಿಸಿದರು. ಇನ್ನೊಂದು ಕಡೆ ಕಡಲೆಬೇಳೆ. ಮತ್ತೊಬ್ಬ, "ಹಸಿ ಕಡಲೇನಾ? ಸೀಸನ್ ಮುಗೀತು ಮೇಡಂ" ಎಂದ. ವಿದೇಶದ ಹಣ್ಣನ್ನೆಲ್ಲ ಹೆಸರು ಹಿಡಿದು ಕೂಗುವವರಿಗೆ ನಮ್ಮ ಕಳಲೆ ಗೊತ್ತಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. ಕೊನೆಗೆ ಒಂದು ಗಲ್ಲಿಯಲ್ಲಿ ನೇಂದ್ರ ಬಾಳೆ, ಮರಗೆಣಸು ಮಾರುತ್ತಿದ್ದ ಕೊಡಗಿನ ಹೆಂಗಸೊಬ್ಬರ ಬುಟ್ಟಿಯಲ್ಲಿ ಕಂಡಿತು.

"ಮೂರು ದಿನ ನೆನೆಸಿ, ದಿನಾ ನೀರು ಬದಲಾಯಿಸಿ. ಆತುರ ಮಾಡಿದ್ರೆ ಕಹಿ ಹೋಗಲ್ಲ, ವಿಷ, ಗೊತ್ತಲ್ಲ?" ಎಂದರು. ಗೊತ್ತಿತ್ತು.

ಆಸ್ಪತ್ರೆಯ ಎದುರಿನ ಬಾಡಿಗೆ ರೂಮಿನಲ್ಲಿ ಹೆಚ್ಚಿ ಪಾತ್ರೆಯಲ್ಲಿ ನೆನೆಹಾಕಿದೆ. ಸಿಕ್ಕಿತು ಎಂದಾಗ ಅವ್ವನ ಮುಖ ಅರಳಿತು. ಮರುದಿನ ಮಾತು ತೊದಲುತ್ತಿತ್ತು.

"ನೀರು ಬದ್ಲಾಯ್ಸ್ದಾ?"

"ಊಂ ಕಣವ್ವ. ಇವತ್ತೇ ಮಾಡ್ಕಂಡು ಬರ್ಲಾ?" ಎಂದೆ. ನನಗೆ ಭಯವಾಗಿತ್ತು.

"ಬ್ಯಾಡ ಬುಡು. ಇನ್ನೆರಡು ನೀರಾಗ್ಲಿ. ಅಲ್ಲೀಗಂಟ ಇರ್ತೀನಿ."

ಇರಲಿಲ್ಲ. ಮಾರನೆಯ ಬೆಳಿಗ್ಗೆಯೇ ಹೋಗಿಬಿಟ್ಟಳು.

ಶವದ ವ್ಯಾನು ಹತ್ತುವಾಗ ಅಣ್ಣ, "ಆ ಪಾತ್ರೆ ಯಾಕೆ ಹೊತ್ಕಂಡಿದ್ದೀಯ, ಚೆಲ್ಲು" ಎಂದು ರೇಗಿದ. ನಾನು ಚೆಲ್ಲಲಿಲ್ಲ. ಹುಣಸೂರು ದಾಟಿ ಊರು ಮುಟ್ಟುವವರೆಗೂ ಮಡಿಲಲ್ಲೇ ಇಟ್ಟುಕೊಂಡಿದ್ದೆ. ಮನೆಯಲ್ಲಿ ಅಳುವವರ ನಡುವಿನಿಂದ ಎದ್ದುಹೋಗಿ ಎರಡನೆಯ ನೀರು ಬದಲಾಯಿಸಿದೆ, ಮರುದಿನ ಮೂರನೆಯದು. ನೋಡಿದವರು ಏನೆಂದುಕೊಂಡರೋ.

ಹಾಲುತುಪ್ಪದ ದಿನ ಪಲ್ಯ ಮಾಡಿ, ಅವ್ವನನ್ನು ಮಣ್ಣು ಮಾಡಿದ ಜಾಗದಲ್ಲಿ ಎಡೆ ಇಟ್ಟೆ. ಒಂದು ಚೂರು ಬಾಯಿಗೆ ಹಾಕಿಕೊಂಡೆ. ಕಹಿ ಒಂದಿಷ್ಟೂ ಇರಲಿಲ್ಲ. ಆಗ ತಡೆಯಲಾಗಲಿಲ್ಲ, ಅಲ್ಲೇ ಕುಳಿತು ಅತ್ತೆ.

ಈಗಲೂ ಸಂತೆಯಲ್ಲಿ ಯಾರಾದರೂ ಕಡಲೆ ಎಂದು ಕೂಗಿದರೆ ನನಗೆ ಕಳಲೆ ಎಂದೇ ಕೇಳಿಸುತ್ತದೆ. ತಿರುಗಿ ನೋಡುತ್ತೇನೆ.