ಎರಡು ಸಮುದ್ರ ಕಾಣುವ ಗುಡ್ಡ

ನಿನ್ನೆ ಮಧ್ಯಾಹ್ನ ಕಂಬಳಿ ಮಾರುವವನೊಬ್ಬ ನಮ್ಮ ಮನೆಯ ಕಟ್ಟೆಯ ಮೇಲೆ ಗಂಟು ಬಿಚ್ಚಿದ. ಹೊಸ ಕಂಬಳಿಯ ವಾಸನೆ ನಿಮಗೂ ಗೊತ್ತಿರಬೇಕು. ಕುರಿಯ ಉಣ್ಣೆ, ಅದಕ್ಕೆ ಬಳಿದ ಹುಣಸೆಬೀಜದ ಗಂಜಿ, ಎರಡೂ ಸೇರಿ ಮೂಗಿಗೆ ಬಂದು ಕೂತರೆ ಸಂಜೆಯವರೆಗೆ ಏಳುವುದಿಲ್ಲ. ನನ್ನ ಹೆಂಡತಿ ಒಂದನ್ನು ಬಿಡಿಸಿ, ಎಳೆದು, ಬೆಳಕಿಗೆ ಹಿಡಿದು ನೋಡತೊಡಗಿದಳು. ನಾನು ಎದ್ದು ಒಳಗೆ ಹೋಗಿಬಿಟ್ಟೆ. ಅರವತ್ತು ದಾಟಿದ ಗಂಡಸು ಕಂಬಳಿಗೆ ಹೆದರಿ ಒಳಮನೆ ಸೇರಿದನೆಂದರೆ ನೀವು ನಗುತ್ತೀರಿ. ನಗಿ. ಆದರೆ ನಾನು ಹಾಗೆ ಒಳಮನೆ ಸೇರಿದ್ದು ಅದೇ ಮೊದಲ ಸಲವಲ್ಲ.

ಮೂವತ್ತೆಂಟನೆಯ ಇಸವಿಯ ಸುಮಾರಿಗೆ ನಾನು ಕುಷ್ಟಗಿ ಕಡೆಯ ಒಂದು ಹಳ್ಳಿಯಲ್ಲಿ ಸಾಲಿ ಮಾಸ್ತರನಾಗಿದ್ದೆ. ವಯಸ್ಸು ಇಪ್ಪತ್ತೆರಡು. ಕೊಪ್ಪಳದ ಹುಡುಗ, ಉರ್ದು ಬರುತ್ತದೆ, ಒಂದಿಷ್ಟು ಇಂಗ್ಲಿಷೂ ಬರುತ್ತದೆ, ತಲೆಗೆ ಕರಿ ಟೋಪಿ. ಆ ಊರಿನಲ್ಲಿ ಓದು ಬರುತ್ತಿದ್ದುದು ಗೌಡರಿಗೆ ಅಷ್ಟಿಷ್ಟು, ಉಳಿದದ್ದೆಲ್ಲ ನನಗೆ. ಯಾರ ಮನೆಗೆ ಕಾಗದ ಬಂದರೂ ನಾನೇ ಓದಬೇಕು, ನಾನು ಓದಿದ್ದೇ ಕಾಗದ. ಇಂಥ ಗೌರವ ಆ ವಯಸ್ಸಿನವನಿಗೆ ಒಳ್ಳೆಯದಲ್ಲ.

ಸಾಲಿಯ ಗೋಡೆಗೆ ಜಗತ್ತಿನ ನಕಾಶೆಯೊಂದಿತ್ತು. ಸಂಜೆ ಕಂಬಳಿ ನೇಯುವ ನಿಂಗಪ್ಪ ಬಂದು ಅದರ ಮುಂದೆ ಕೂರುತ್ತಿದ್ದ. ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಮದುವೆಯಾಗಿರಲಿಲ್ಲ. ಹಗಲೆಲ್ಲ ಮಗ್ಗದ ಕುಣಿಯಲ್ಲಿ ಸೊಂಟದವರೆಗೆ ಇಳಿದು ಕೂತಿರುವವನಿಗೆ ನಕಾಶೆಯ ಮುಂದೆ ಕಾಲು ಚಾಚಿದರೆ ಸುಖವಾಗುತ್ತದಂತೆ. ಒಂದು ದಿನ, ಇವುಗಳಲ್ಲಿ ಸಣ್ಣ ದೇಶ ತೋರಿಸಿರಿ ಎಂದ. ನಾನು ಕೋಸ್ಟರಿಕದ ಮೇಲೆ ಬೆರಳಿಟ್ಟೆ. ನನ್ನ ಉಗುರಿನ ಕೆಳಗೆ ಇಡೀ ದೇಶ ಮುಚ್ಚಿಹೋಯಿತು. ಆಗಷ್ಟೇ ಕೊಪ್ಪಳದ ವಕೀಲರೊಬ್ಬರ ಮನೆಯ ಹಳೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಆ ದೇಶದ ಬಗ್ಗೆ ಓದಿದ್ದೆ. ಓದಿದ್ದನ್ನು ತೋರಿಸಿಕೊಳ್ಳದೆ ಇರುವ ಜಾಯಮಾನ ನನ್ನದಲ್ಲ. ಅಲ್ಲಿ ಬೆಂಕಿ ಉಗುಳುವ ಒಂದು ಗುಡ್ಡವಿದೆ, ಮೋಡವಿಲ್ಲದ ಮುಂಜಾನೆ ಅದರ ತುದಿಯಲ್ಲಿ ನಿಂತರೆ ಎಡಕ್ಕೊಂದು ಬಲಕ್ಕೊಂದು ಎರಡು ಸಮುದ್ರ ಕಾಣುತ್ತವೆ, ಮೇಲೆ ವಿಪರೀತ ಚಳಿ ಎಂದೆಲ್ಲ ಹೇಳಿದೆ.

ನಿಂಗಪ್ಪ ಎದ್ದು ನಕಾಶೆಯ ಹತ್ತಿರ ಮುಖ ಒಯ್ದು ನೋಡಿದ. ಆಮೇಲೆ ಅಂದ: “ಒಂದ್ ಕೊಡ ನೀರಿಗೆ ನಮ್ಮವ್ವ ನಸಿಕಿನ್ಯಾಗ ಎದ್ದು ಬಾವಿಗೆ ಹೊಕ್ಕಾಳ್ರಿ. ಅಲ್ಲಿ ಎರಡೂ ಕಡಿ ನೀರು! ಹೋಗಿ ನೋಡೂಣೇನ್ರಿ ಮಾಸ್ತರ?”

ನೋಡೋಣ ಎಂದುಬಿಟ್ಟೆ.

ಆ ಚಳಿಗಾಲವೆಲ್ಲ ನಾವು ಪ್ರಯಾಣದ ಯೋಜನೆಯಲ್ಲೇ ಇದ್ದೆವು. ಕೊಪ್ಪಳದಲ್ಲಿ ರೈಲು ಹತ್ತುವುದು, ಹುಬ್ಬಳ್ಳಿಯಿಂದ ಮುಂಬಯಿ, ಅಲ್ಲಿಂದ ಹಡಗಿನಲ್ಲಿ ವಿಲಾಯತಿ, ವಿಲಾಯತಿಯಿಂದ ಬಾಳೆಹಣ್ಣು ತರಲು ಹೋಗುವ ಇನ್ನೊಂದು ಹಡಗು. ಅಲ್ಲಿ ಬಾಳೆ ಬೆಳೆಯುತ್ತಾರೆಂದು ಕೇಳಿ ಅವನಿಗೆ ಧೈರ್ಯ ಬಂತು, ಹಾಗಾದರೆ ನಮ್ಮಂಥ ಮಂದಿಯೇ ಇರಬೇಕು ಎಂದ. ಎಷ್ಟು ಕಟಕರೊಟ್ಟಿ ಕಟ್ಟಿಕೊಳ್ಳಬೇಕು, ಶೇಂಗಾ ಚಟ್ನಿ ಹಡಗಿನ ಗಾಳಿಗೆ ಮೆತ್ತಗಾಗುತ್ತದೋ ಇಲ್ಲವೋ ಎಂಬುದು ಅವನ ಚಿಂತೆ. ವಿಲಾಯತಿಯಲ್ಲಿ ನನ್ನ ಟೋಪಿ ಹೇಗೆ ಕಾಣಬಹುದು ಎಂಬುದು ನನ್ನದು. ಗುಡ್ಡದ ಚಳಿಗೆಂದು ಅವನು ಎರಡು ಕಂಬಳಿ ನೇಯಲು ಕೂತ. ನನಗೆ ಅದೆಲ್ಲ ಸಂಜೆಯ ಹೊತ್ತು ಕಳೆಯುವ ಆಟವಾಗಿತ್ತು. ಅವನಿಗೆ ಆಗಿರಲಿಲ್ಲ, ಅದು ನನಗೆ ಗೊತ್ತೂ ಇತ್ತು.

ಹಡಗಿನ ಕಂಪನಿಗೆ ಪತ್ರ ಬರೆದಿದ್ದೇನೆ ಎಂದು ಹೇಳಿದ್ದೆ. ಬರೆದಿರಲಿಲ್ಲ. ದಿನಾ ಬಂದು, ಉತ್ತರ ಬಂತೇನ್ರಿ ಎಂದು ಕೇಳುತ್ತಿದ್ದ. ಒಂದು ಸಂಜೆ ಗೌಡರೂ ನಾಲ್ಕು ಜನ ಹಿರಿಯರೂ ಕೂತಿದ್ದಾಗ ಹಾಗೆಯೇ ಕೇಳಿದ. ಇಲ್ಲ ಎನ್ನಲು ನನ್ನ ಟೋಪಿ ಬಿಡಲಿಲ್ಲ. ಮೇಜಿನ ಮೇಲೆ ತಹಸೀಲ್ ಕಚೇರಿಯಿಂದ ಬಂದ ಉರ್ದು ಸುತ್ತೋಲೆ ಬಿದ್ದಿತ್ತು, ಹಾಜರಿ ಪುಸ್ತಕವನ್ನು ಹೇಗೆ ಇಡಬೇಕೆಂಬುದರ ಬಗ್ಗೆ. ಅದನ್ನೇ ಕೈಗೆತ್ತಿಕೊಂಡು, “ಇಬ್ಬರೂ ಬರಬಹುದು, ಯುಗಾದಿ ದಾಟಿದ ಮೇಲೆ ಹಡಗು ಹೊರಡುತ್ತದೆ” ಎಂದು ಓದಿದೆ. ನಾಲಿಗೆ ಕೂಡ ತಡವರಿಸಲಿಲ್ಲ. ನಿಂಗಪ್ಪ ಆ ಕಾಗದವನ್ನು ಇಸಿದುಕೊಂಡು ಕಣ್ಣಿಗೊತ್ತಿಕೊಂಡ.

ನಮ್ಮ ಕಡೆ ಕಾಶಿಗೋ ರಾಮೇಶ್ವರಕ್ಕೋ ಹೊರಟವನನ್ನು ಊರಮಂದಿ ಊರಿನ ಹೆಬ್ಬಾಗಿಲಾದ ಅಗಸಿಯ ತನಕ ಬಂದು, ಕಾಯಿ ಒಡೆದು, ಬುತ್ತಿ ಕೊಟ್ಟು ಕಳಿಸುತ್ತಾರೆ. ಹಾಗೆ ಅಗಸಿ ದಾಟಿದವನು ಹೋದ ಕೆಲಸ ಮುಗಿಯದೆ ಹಿಂದಿರುಗಬಾರದು, ಬಂದರೆ ಊರಿಗೇ ಅಪಶಕುನ. ನಿಂಗಪ್ಪನನ್ನು ಹೀಗೆಯೇ ಕಳಿಸಬೇಕೆಂದು ಹಿರಿಯರು ದಿನ ಗೊತ್ತುಮಾಡಿದರು. ಅವನು ಮಗ್ಗವನ್ನು ತಮ್ಮನ ಕೈಗೊಪ್ಪಿಸಿದ. ನಾನು ರಜೆಯ ಅರ್ಜಿಯ ನೆಪ ಹೇಳಿ ಎರಡು ದಿನ ಮೊದಲೇ ಕೊಪ್ಪಳಕ್ಕೆ ಬಂದೆ, ಸ್ಟೇಷನ್ನಿನಲ್ಲಿ ಸಿಗುತ್ತೇನೆ ಎಂದೆ. ಕೊನೆಗೆ ಅವನೇ ಅಂಜಿ ಉಳಿದುಕೊಂಡಾನು ಎಂಬ ಆಸೆಯಿತ್ತು. ಅವನು ಅಂಜುವವನಲ್ಲ, ಅಂಜುವವನು ಯಾರೆಂದು ನಿಮಗೀಗ ಗೊತ್ತಾಗಿದೆ.

ಯಲಬುರ್ಗಿ ಊರಿನ ಮೇಲೆ ಹಾಯ್ದು ನಡೆದು ಬಂದು, ಸ್ಟೇಷನ್ನಿನಲ್ಲಿ ಎರಡು ದಿನ ಕಾದು, ಮೂರನೆಯ ದಿನ ಅವನು ನಮ್ಮ ಓಣಿ ಹುಡುಕಿಕೊಂಡು ಬಂದ. ನಾನು ಊರಲ್ಲಿಲ್ಲ ಎಂದು ಹೇಳಲು ಅವ್ವನನ್ನು ಒಪ್ಪಿಸಿ, ಒಳಮನೆಯಲ್ಲಿ ಜೋಳದ ಚೀಲಗಳ ಹಿಂದೆ ಕೂತೆ. ಅವ್ವ ಹೇಳಿದಳು. ಹೊರಗೆ ಏನನ್ನೋ ಸರಿಸಿದ ಸಪ್ಪಳ ಕೇಳಿಸಿತು.

“ಹಂಗಾರ ಮಾಸ್ತರ ಮುಂದ ಹೋಗ್ಯಾರ್ರಿ ತಾಯಿ,” ಎಂದ ನಿಂಗಪ್ಪ. “ಛಲೋ ಆತು. ಅಲ್ಲಿ ಥಂಡಿ ಭಾಳ ಅಂತ. ಕಂಬಳಿ ಇಲ್ಲೇ ಇಟ್ಟೇನಿ, ಕಳಸಿಕೊಡ್ರಿ.”

ಅವನ ಹೆಜ್ಜೆ ಓಣಿ ದಾಟಿದ ಮೇಲೆ ಅವ್ವ ಒಳಗೆ ಬಂದು, “ಎದ್ದು ಬಾ, ನೋಡು” ಎಂದಳು. ಹೊಸ್ತಿಲ ಹೊರಗೆ ನನ್ನ ಚಪ್ಪಲಿಗಳಿದ್ದವು. ಹಳ್ಳಿಯಲ್ಲಿದ್ದಾಗ ಎಡಗಾಲಿನದಕ್ಕೆ ಬಾರು ಹೊಲಿಸಿಕೊಂಡು ತಂದವನು ನಿಂಗಪ್ಪನೇ. ಅಡಗಿ ಕೂರುವ ಗಡಿಬಿಡಿಯಲ್ಲಿ ಅವು ನನಗೆ ನೆನಪೇ ಆಗಿರಲಿಲ್ಲ. ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರುವುದು ನಮಗೆ ಉಸಿರಾಡಿದಷ್ಟೇ ರೂಢಿ. ನಾನು ಅಡ್ಡಾದಿಡ್ಡಿ ಬಿಟ್ಟಿದ್ದ ಆ ಜೋಡನ್ನು ಅವನು ಸಮನಾಗಿ ಜೋಡಿಸಿ, ಅವುಗಳ ಮೇಲೆಯೇ ಕಂಬಳಿಯನ್ನು ಮಡಚಿ ಇಟ್ಟು ಹೋಗಿದ್ದ.

ಅವ್ವ ಎಂಟು ದಿನ ನನ್ನೊಡನೆ ಮಾತಾಡಲಿಲ್ಲ. ನಾನು ಗಂಗಾವತಿಗೆ ವರ್ಗ ಮಾಡಿಸಿಕೊಂಡೆ, ಮತ್ತೆ ಆ ಹಳ್ಳಿಯ ದಾರಿ ಹಿಡಿಯಲಿಲ್ಲ. ಮರುವರ್ಷ ಯುದ್ಧ ಶುರುವಾದಾಗ, ಇದೇ ಯುದ್ಧ ಒಂದು ವರ್ಷ ಮೊದಲು ಬಂದಿದ್ದರೆ ಹಡಗಿಲ್ಲವೆಂದು ಹೇಳಿ ನನ್ನ ಮಾನ ಉಳಿಸಿಕೊಳ್ಳಬಹುದಿತ್ತಲ್ಲ ಎಂದು ಯೋಚಿಸಿದೆ. ಜಗತ್ತಿಗೆ ಬೆಂಕಿ ಬಿದ್ದಾಗ ನನ್ನ ತಲೆಗೆ ಹೊಳೆದದ್ದು ಇಷ್ಟು.

ಹತ್ತು ವರ್ಷ ಕಳೆದ ಮೇಲೆ ಹಿಟ್ನಾಳಕ್ಕೆ ಮದುವೆಗೆಂದು ಹೋದವನು, ಎಲ್ಲರಂತೆ ಹೊಳೆಗೆ ಆಗ ಕಟ್ಟುತ್ತಿದ್ದ ಅಣೆಕಟ್ಟಿನ ಕೆಲಸ ನೋಡಲು ಹೋದೆ. ಕಲ್ಲು ಹೊರುವ ಮಂದಿಯ ನಡುವಿನಿಂದ ಒಬ್ಬ ಎದ್ದು ಬಂದು ಕೈಮುಗಿದ. ನಿಂಗಪ್ಪ. ತಲೆ ನರೆತಿತ್ತು. ಅಗಸಿ ದಾಟಿದವನು ಊರಿಗೆ ಹಿಂದಿರುಗಿಯೇ ಇರಲಿಲ್ಲ. ಬಡಗಿಗಳ ಕೈಕೆಳಗೆ, ಗದ್ದೆಗಳಲ್ಲಿ, ಈಗ ಇಲ್ಲಿ ದುಡಿಯುತ್ತಿದ್ದ.

ಜೊತೆಯವರೆಲ್ಲ ಕೇಳುವಂತೆ ಅವನು, “ಮಾಸ್ತರ, ಆ ಗುಡ್ಡ ಹತ್ತಿದ್ರೇನ್ರಿ? ಎರಡೂ ಕಂಡ್ವು?” ಎಂದ.

ಅವನ ಮುಖದಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ನಿಜ ಹೇಳುತ್ತಿದ್ದೆನೇನೋ. ಹತ್ತು ಜನ ನನ್ನ ಬಾಯನ್ನೇ ನೋಡುತ್ತಿದ್ದರು.

“ಕಂಡವು,” ಎಂದೆ.

“ನಾ ಹೇಳಿದ್ದಿಲ್ಲೇನು, ನಮ್ಮ ಮಾಸ್ತರ ಹೋಗಿ ಬಂದಾರಂತ,” ಎಂದು ಅವನು ಅವರ ಕಡೆ ತಿರುಗಿದ. ಆಮೇಲೆ ನನಗಷ್ಟೇ ಕೇಳುವಂತೆ, “ಇಲ್ಲೂ ಸಮುದ್ರದಷ್ಟು ನೀರು ನಿಲ್ಲತೈತಂತ್ರಿ. ನಾ ಇದನ್ನ ನೋಡತೇನಿ” ಎಂದು ಕಲ್ಲು ಹೊರಲು ಹೋದ. ಅವನಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಹತ್ತು ವರ್ಷ ನನ್ನ ಮಾನ ಕಾದಿದ್ದ, ಇನ್ನೂ ಕಾಯುತ್ತಿದ್ದ. ನಾನು ಮದುವೆಯ ಊಟಕ್ಕೆ ಹೊತ್ತಾಯಿತೆಂದು ಬಂದುಬಿಟ್ಟೆ. ಅಣೆಕಟ್ಟು ಮುಗಿದ ಮೇಲೆ ಹುಡುಕಿದೆ. ಕೆಲಸದ ಮಂದಿ ದಿಕ್ಕಿಗೊಬ್ಬರಾಗಿ ಹೋಗಿದ್ದರು, ಅವನು ಎಲ್ಲಿಗೆ ಹೋದನೆಂದು ಯಾರೂ ಹೇಳಲಿಲ್ಲ.

ನಿನ್ನೆ ಕಂಬಳಿಯವನು ಹೋದ ಮೇಲೆ, ಯಾಕೆ ಎದ್ದು ಹೋದಿರಿ ಎಂದು ಹೆಂಡತಿ ಕೇಳಿದಳು. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಮೊದಲ ಸಲ ಎಲ್ಲವನ್ನೂ, ಸುತ್ತೋಲೆ, ಜೋಳದ ಚೀಲ, ಅಣೆಕಟ್ಟು ಒಂದನ್ನೂ ಬಿಡದೆ ಹೇಳಿದೆ. ಹೇಳಿ ಮುಗಿಸಿದಾಗ ಎದೆ ಹಗುರಾದಂತೆನಿಸಿತು. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿರಲಿಲ್ಲ.

“ಅವಗ ಹೇಳಬೇಕಾದ್ದನ್ನ ನನಗ ಹೇಳಿದ್ರ ಏನ್ ಬಂತ್ರಿ?” ಎಂದಳು.

ಈಗ ನಿಮಗೂ ಹೇಳಿದ್ದೇನೆ. ಅದರಿಂದಲೂ ಅವನಿಗೆ ಏನೂ ಬರಲಿಲ್ಲ.