ಕವುಚಿಟ್ಟ ತಂಬಿಗೆ

ಈ ಬೆಳಿಗ್ಗೆ ನಮ್ಮ ಮೇಲಿನ ಮನೆಯ ಮೆಟ್ಟಿಲು ಹತ್ತುತ್ತಿದ್ದೆ. ಕೈಯಲ್ಲಿ ಆ ಮನೆಯ ಇನ್ನೊಂದು ಕೀಲಿ ಇತ್ತು. ಅಲ್ಲಿ ಬಾಡಿಗೆಗಿರುವ ಹುಡುಗಿ ಉಮ್ಮಚಗಿ ಕಡೆಯವಳು, ಇಲ್ಲೊಂದು ಆಸ್ಪತ್ರೆಯಲ್ಲಿ ನರ್ಸು, ಆಗಲೇ ಕೆಲಸಕ್ಕೆ ಹೋಗಿದ್ದಳು. ಅವಳ ಬಚ್ಚಲಿನ ನಲ್ಲಿ ಸೋರಿ ನೀರು ನಮ್ಮ ಗೋಡೆಯ ಮೇಲೆ ಇಳಿಯುತ್ತಿತ್ತು. ಒಳಗೆ ಹೋಗಿ ನಲ್ಲಿಯನ್ನು ಗಟ್ಟಿಯಾಗಿ ತಿರುಗಿಸಿ ಬರುವುದು, ಅಷ್ಟೇ ಕೆಲಸ. ಬಾಗಿಲ ಪಕ್ಕದ ಕಿಟಕಿಯಲ್ಲಿ ಒಂದು ಸ್ಟೀಲಿನ ತಂಬಿಗೆ ಕವುಚಿಟ್ಟಿತ್ತು. ಅದನ್ನು ನೋಡಿದ್ದೇ ‘ಓ, ಹೌದಾ’ ಎಂದು ಮನಸ್ಸು ಅವಳ ಬಗ್ಗೆ ಏನನ್ನೋ ತಿಳಿದುಕೊಂಡುಬಿಟ್ಟಿತು. ಯಾರೂ ತಿಳಿದುಕೋ ಎಂದಿರಲಿಲ್ಲ. ಕೀಲಿ ಹಿಡಿದುಕೊಂಡೇ ಕೆಳಗೆ ಬಂದೆ, ಗೋಡೆಯ ಬುಡಕ್ಕೆ ಒಂದು ಹಳೆಯ ಬಟ್ಟೆ ಒತ್ತಿಟ್ಟೆ.

ತೊಳೆದ ತಂಬಿಗೆಯನ್ನು ಎಲ್ಲರೂ ಕವುಚಿಯೇ ಇಡುತ್ತಾರಲ್ಲ, ಅದರಲ್ಲಿ ತಿಳಿಯುವುದೇನು ಎಂದು ನೀವು ಕೇಳಬಹುದು. ನೀವು ಸಾವಿತ್ರಕ್ಕನ ಮನೆಯಲ್ಲಿ ಬಾಡಿಗೆಗೆ ಇದ್ದವರಲ್ಲ, ಅದಕ್ಕೇ ಕೇಳುತ್ತೀರಿ.

ತೊಂಬತ್ತರ ದಶಕದ ನಡುವಿನ ಮಾತು. ನನಗೆ ಶಿರಸಿಯ ಹೈಸ್ಕೂಲೊಂದರಲ್ಲಿ ಕೆಲಸ, ನನ್ನ ಗಂಡನಿಗೆ ಕಿರವತ್ತಿಯ ಮರದ ಡಿಪೋದಲ್ಲಿ. ಅವರು ಅಲ್ಲೊಂದು ಕೋಣೆ ಹಿಡಿದಿದ್ದರು, ಶನಿವಾರ ಸಂಜೆಯ ಬಸ್ಸಿಗೆ ನನ್ನಲ್ಲಿಗೆ ಬರುತ್ತಿದ್ದರು. ಆ ಕೋಣೆಯ ಗೋಡೆಯ ಮೇಲೆ ಮಾಲೀಕರ ತಂದೆಯ ಕಾಲದ ಗಡಿಯಾರವೊಂದಿತ್ತು. ಅದಕ್ಕೆ ಕೀಲಿ ಕೊಡುವ ಹಕ್ಕು ಮಾಲೀಕರದೇ. ಇವರು ಸ್ನಾನ ಮುಗಿಸಿ ಪಂಚೆಯಲ್ಲಿ ನಿಂತಾಗಲೇ ಅವರಿಗೆ ಗಡಿಯಾರದ ನೆನಪಾಗುತ್ತಿತ್ತಂತೆ. “ನೀವು ನಿಮ್ಮ ಕೆಲಸ ಮಾಡ್ಕೊಳ್ಳಿ, ನಾನು ಟೈಮ್ ನೋಡ್ಕೊಂಡು ಹೋಗ್ತೆ” ಎನ್ನುತ್ತಿದ್ದರಂತೆ. ನಾನು ಬಿದ್ದು ಬಿದ್ದು ನಗುತ್ತಿದ್ದೆ. ನನ್ನ ತಲೆಯ ಮೇಲೇ ಉಪ್ಪಿನಕಾಯಿಯ ಭರಣಿಗಳಿದ್ದದ್ದು ಆ ನಗುವಿನಲ್ಲಿ ಮರೆತುಹೋಗುತ್ತಿತ್ತು.

ಸಾವಿತ್ರಕ್ಕ ಮತ್ತು ಅವಳ ಗಂಡ ಹೆಗಡೆಯವರು ಕಾನಸೂರಿನ ಕಡೆಯವರು. ಪೇಟೆಯಲ್ಲಿ ಮನೆ ಕೊಂಡು ಮುಂದಿನ ಭಾಗಕ್ಕೆ ಸಿಮೆಂಟಿನ ತಾರಸಿ ಹಾಕಿಸಿ ತಾವಿದ್ದರು. ಹಿಂದಿನ ಭಾಗ ಹಾಗೇ ಹಂಚಿನದಾಗಿ ಉಳಿದಿತ್ತು, ಅದನ್ನು ನಮಗೆ ಕೊಟ್ಟರು. ತಾರಸಿಯ ಕೆಳಗೆ ಸೆಕೆಯಾಗಿ ಮಾವಿನಮಿಡಿಯ ಉಪ್ಪಿನಕಾಯಿ ಕೆಡುತ್ತದೆಂದು ಭರಣಿಗಳೆಲ್ಲ ನಮ್ಮ ಅಡುಗೆಮನೆಯ ಅಟ್ಟದಲ್ಲಿದ್ದವು. ಬಾಡಿಗೆ ಕರಾರೆಂದರೆ ಸಾವಿತ್ರಕ್ಕ ಅಂಗಳದಲ್ಲಿ ನಿಂತು ಹೇಳಿದ್ದಷ್ಟೇ. “ಕೋಣೆ ನಿಂದು, ಅಡುಗೆಮನೆ ನಿಂದು, ಬಾವಿ ಇಬ್ರಿಗೂವ. ಅಟ್ಟ ಮಾತ್ರ ನಂದು ತಂಗೀ. ಒಂದು ಕೀಲಿ ನನ್ನ ಹತ್ರ ಇರ್ತು.”

ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. ತಿಂಗಳಿನ ಆ ದಿನಗಳಲ್ಲಿ ನಾನು ಅಟ್ಟದ ಏಣಿ ಮುಟ್ಟಬಾರದು, ಅವಳೂ ಆಗ ನಮ್ಮ ಮನೆಯೊಳಗೆ ಬರುವಂತಿಲ್ಲ. “ಬಾಯಿಬಿಟ್ಟು ಹೇಳೂದು ಎಂತಕ್ಕೆ, ಗಂಡಸ್ರು ಇರ್ತಾರೆ. ಕಿಟಕೀಲಿ ಒಂದು ತಂಬಿಗೆ ಕವುಚಿಟ್ಬಿಡು, ನಾ ತಿಳ್ಕತ್ತೆ.”

ನಾನು ಬನವಾಸಿಯ ಆಚೆಯವಳು. ಕೊರಳಲ್ಲಿ ಲಿಂಗ ಇದ್ದಮೇಲೆ ಮೈಲಿಗೆ ಎಲ್ಲಿಂದ ಬಂತು ಎನ್ನುತ್ತಿದ್ದಳು ನಮ್ಮವ್ವ. ನಮ್ಮ ಮನೆಯಲ್ಲಿ ಯಾರು ಯಾವಾಗ ಹೇಗಿದ್ದಾರೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಮನೆ ಬೇಕಿತ್ತು, ತಲೆಯಾಡಿಸಿದೆ. ನಮ್ಮ ಬಾಗಿಲ ಹಿಂದೆಯೇ ಇಡಬೇಕಾದ ವಿಷಯವೊಂದು ನಮ್ಮಿಬ್ಬರಲ್ಲಿತ್ತು. ನಮಗೆ ಮಕ್ಕಳಾಗುವುದಿಲ್ಲವೆಂದು ಹುಬ್ಬಳ್ಳಿಯ ಡಾಕ್ಟರು ಹೇಳಿಯಾಗಿತ್ತು. ಊರಲ್ಲಿದ್ದ ಅತ್ತೆಗೆ ಇನ್ನೂ ಹೇಳಿರಲಿಲ್ಲ. ಅವರಾಗಿ ಎಂದೂ ಕೇಳಿದವರೂ ಅಲ್ಲ. ನಾವು ಸ್ವಲ್ಪ ಗಟ್ಟಿಯಾದ ಮೇಲೆ, ನಮ್ಮ ಬಾಯಿಂದಲೇ, ಮೆತ್ತಗೆ ಹೇಳಬೇಕೆಂದುಕೊಂಡಿದ್ದೆವು.

ಸಾವಿತ್ರಕ್ಕ ಕೆಟ್ಟವಳಲ್ಲ. ಬಾಗಿಲು ತೆರೆದ ಸದ್ದಿನ ಹಿಂದೆಯೇ “ನಾನೇ” ಎನ್ನುತ್ತ ಒಳಗೆ ಬರುತ್ತಿದ್ದಳು. ಏಣಿ ಹತ್ತುವಾಗ ನನ್ನ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಸರಿಸಿ ನೋಡುತ್ತಿದ್ದಳು. “ಇದಕ್ಕೆ ಒಂಚೂರು ಬೆಲ್ಲ ಹಾಕಕಾಗಿತ್ತೆ” ಎನ್ನುತ್ತಿದ್ದಳು. ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದರೆ ಸೊನೆಯ ಘಾಟು ಮನೆಯೆಲ್ಲ ತುಂಬುತ್ತಿತ್ತು, ನನ್ನ ಹಾಸಿಗೆಯ ತನಕ. ತಂಬಿಗೆ ಕವುಚಿಟ್ಟ ದಿನಗಳಲ್ಲಿ ಮಾತ್ರ ಬರುತ್ತಿರಲಿಲ್ಲ. ಆ ಕೆಲವು ದಿನ ಬಾಗಿಲು ನಿಜಕ್ಕೂ ನನ್ನದು. ತಿಂಗಳಿಡೀ ಕವುಚಿಟ್ಟುಬಿಡಲೇ ಎಂದು ಯೋಚಿಸಿದ್ದೂ ಉಂಟು. ಅಷ್ಟು ಧೈರ್ಯವಿದ್ದಿದ್ದರೆ ಬೇರೆ ಬೀಗವನ್ನೇ ಹಾಕುತ್ತಿದ್ದೆನೇನೋ.

ಒಂದು ದಿನ ಹಾಲು ಕೊಡುವ ಹೆಂಗಸು ಕಿಟಕಿ ನೋಡಿ, “ಟೀಚರ್, ಇವತ್ತು ಹಾಲು ಹೊರಗೇ ಇಡ್ಲಾ?” ಎಂದಳು. ಓಣಿಗೆಲ್ಲ ಗೊತ್ತಿತ್ತು ಎಂಬುದು ನನಗೆ ಆಗ ಗೊತ್ತಾಯಿತು. ಅಂದಿನಿಂದ ತಂಬಿಗೆ ಕವುಚುವುದನ್ನು ಬಿಟ್ಟೆ. ಏಣಿಯನ್ನಂತೂ ನಾನು ಮುಟ್ಟುತ್ತಲೇ ಇರಲಿಲ್ಲ.

ಕೆಲವು ತಿಂಗಳು ಹೀಗೇ ಹೋದವು. ಸಾವಿತ್ರಕ್ಕ ತುಂಬ ಮೆತ್ತಗಾದಳು. ಬಾವಿಯ ಹತ್ತಿರ ಕೊಡಕ್ಕೆ ಕೈ ಹಾಕಿದರೆ “ನೀ ಭಾರ ಎತ್ತಬ್ಯಾಡ, ಇತ್ಲಾಗೆ ಕೊಡು” ಎಂದು ತಾನೇ ಎತ್ತುತ್ತಿದ್ದಳು. ಆಲೆಮನೆಯಿಂದ ಬಂದ, ಕಾಗದದಷ್ಟು ತೆಳುವಾದ ಸಿಹಿ ತೊಡದೇವು ಮೊದಲು ನನಗೆ. ನನ್ನ ಒಳ್ಳೆಯ ಗುಣ ಕೊನೆಗೂ ಅವಳಿಗೆ ಅರ್ಥವಾಯಿತೆಂದು ನಾನು ನಂಬಿದ್ದೆ.

ಮುಂದಿನದನ್ನು ಕಂಡಷ್ಟೇ ಹೇಳುತ್ತೇನೆ. ಶಾಲೆ ಬಿಟ್ಟು ಬಂದೆ. ನಮ್ಮ ಬಾಗಿಲು ಹಾರುಹೊಡೆದಿತ್ತು. ಒಳಗೆ ಅಡುಗೆಮನೆಯ ಚಾಪೆಯ ಮೇಲೆ ಅತ್ತೆ ಕುಳಿತಿದ್ದರು. ಪಕ್ಕದಲ್ಲಿ ಸಾವಿತ್ರಕ್ಕ. ಊರಿಂದ ಹೇಳದೆ ಬಂದ ಅತ್ತೆಯನ್ನು ಬಿಸಿಲಲ್ಲಿ ನಿಲ್ಲಿಸಬಾರದೆಂದು ಅವಳು ತನ್ನ ಕೀಲಿಯಿಂದ ಬಾಗಿಲು ತೆರೆದಿದ್ದಳು. ಇಬ್ಬರ ನಡುವೆ ನನ್ನದೇ ಡಬ್ಬಿಯ ಬೆಲ್ಲ ತಟ್ಟೆಯಲ್ಲಿತ್ತು. ಅವರು ಏನು ಮಾತಾಡಿದರೋ ನಾನು ಕೇಳಿಲ್ಲ. ಅತ್ತೆಯ ಮುಖ ನೋಡಿದೆ. ಆ ಮುಖವನ್ನು ನಾನು ಅಷ್ಟು ಸಂತೋಷದಲ್ಲಿ ಎಂದೂ ಕಂಡಿರಲಿಲ್ಲ.

“ಏನವ್ವಾ, ನನಗೊಂದ್ ಮಾತ್ ಹೇಳಬಾರದಾಗಿತ್ತೇನು? ಮಂದೀ ಬಾಯಿಲೆ ಕೇಳೂವಂಗಾತಲ್ಲ,” ಎಂದರು. ಬೈಗುಳದಂತಿದ್ದ ಮಾತು ನಗುತ್ತಲೇ ಬಂತು. ಬೆಲ್ಲದ ಚೂರು ನನ್ನ ಬಾಯಿಯ ಹತ್ತಿರ ಬಂತು.

ಸಾವಿತ್ರಕ್ಕ ಕಿಟಕಿಯನ್ನು ನೋಡಿ ನೋಡಿ ಏನು ಲೆಕ್ಕ ಹಾಕಿದ್ದಳೆಂದು ನನಗೆ ಅಲ್ಲಿ ನಿಂತಲ್ಲೇ ಹೊಳೆಯಿತು. ಆ ತಂಬಿಗೆಯ ಕರಾರು ಗೊತ್ತಿದ್ದವರಿಗಷ್ಟೇ ಆಗಬಹುದಾದ ತಪ್ಪು ಅದು.

“ಹಂಗೇನಿಲ್ರಿ ಅತ್ತಿ,” ಎಂದೆ. “ಇನ್ನ ಆಗೂದೂ ಇಲ್ಲಂತ ಡಾಕ್ಟರ್ ಹೇಳ್ಯಾರ.”

ಮೆತ್ತಗೆ ಹೇಳಬೇಕೆಂದುಕೊಂಡದ್ದನ್ನು ಚಪ್ಪಲಿಯನ್ನೂ ಬಿಡದೆ ಹೇಳಿದ್ದೆ. ಅತ್ತೆ ಬೆಲ್ಲವನ್ನು ಮತ್ತೆ ತಟ್ಟೆಗೆ ಹಾಕಿದರು.

“ನನ್ನ ಮಗಗ ಗೊತ್ತೈತೇನು?”

“ಹೂಂರಿ.”

“ಇಬ್ಬರಽ ಮನಸಿನ್ಯಾಗ ಇಟಗೊಂಡು ಕುಂತೀರಿ,” ಎಂದರು. ನನ್ನ ಹೆಗಲಿನ ಚೀಲವನ್ನು ಅವರೇ ಇಳಿಸಿ ಗೂಟಕ್ಕೆ ಹಾಕಿದರು.

ಸಾವಿತ್ರಕ್ಕ ಎದ್ದು ನಿಂತಿದ್ದಳು. “ನೀ ತಂಬಿಗೆ ಕವುಚೂದು ಬಿಟ್ಟಿದ್ಯಲೆ ಕೂಸೆ, ಅದಕ್ಕೇ ನಾನು…” ಎಂದವಳು ಅಲ್ಲಿಗೇ ನಿಲ್ಲಿಸಿ ಹೊರಟುಹೋದಳು. ಮರುದಿನ ಬೆಳಿಗ್ಗೆ ಕಿಟಕಿಯಲ್ಲಿ, ತಂಬಿಗೆಯ ಪಕ್ಕ, ಅವಳ ಕೀಲಿ ಇತ್ತು.

ಆ ಕೀಲಿಯನ್ನು ಎತ್ತಿ ಒಳಗಿಟ್ಟುಕೊಂಡೆ. ಬಹಳ ದಿನ ಅವಳೊಡನೆ ಮಾತಾಡಲಿಲ್ಲ. ಆಗಿನ ಸಿಟ್ಟು ಯಾತಕ್ಕೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅವಳ ಊಹೆ ತಪ್ಪಾದದ್ದಕ್ಕಲ್ಲ. ಊಹೆ ಸರಿಯಾಗಿದ್ದರೂ ಅದನ್ನು ಅತ್ತೆಗೆ ಹೇಳಬೇಕಾದವಳು ನಾನು. ನನಗೊಂದು ಸಂತೋಷ ಬಂದಿದ್ದರೆ ಅದನ್ನೂ ಅವಳೇ ಮೊದಲು ತೆರೆದು ನೋಡಿರುತ್ತಿದ್ದಳು, ಒಲೆಯ ಮೇಲಿನ ಪಾತ್ರೆಯಂತೆ.

ಅವಳು ಮತ್ತೆ ನಮ್ಮ ಹೊಸ್ತಿಲು ದಾಟಲಿಲ್ಲ. ನಡುವಿನ ಗೋಡೆ ತೆಳ್ಳಗಿನದು. ಒಂದು ಮಧ್ಯಾಹ್ನ ಆಚೆ ಹೆಗಡೆಯವರು ಊಟಕ್ಕೆ ಕುಳಿತ ಸದ್ದು. “ಉಪ್ಪಿನಕಾಯಿ ಎಂತಾತೆ? ಮಜ್ಜಿಗೆ ಅನ್ನ ಬರೀ ಹೀಂಗೆ ತಿನ್ನಕಾ?”

“ಇಲ್ಲೆ, ಖಾಲಿ ಆತು,” ಎಂದಳು ಸಾವಿತ್ರಕ್ಕ.

“ಅಷ್ಟು ಭರಣಿ ಹಾಕಿದ್ದು ಯಾರು ತಿಂದ?”

“ಖಾಲಿ ಆತು ಅಂದ್ನಲ. ಉಂಬಲಾಗ್ತ ಇಲ್ಯ?”

ಅಷ್ಟೂ ಭರಣಿಗಳು ನನ್ನ ತಲೆಯ ಮೇಲೆ ತುಂಬಿ ಕುಳಿತಿದ್ದವು. ಇಷ್ಟು ದಿನ ಕೇಳದೆ ಬರುತ್ತಿದ್ದವಳು, ಬರಲೇ ಎಂದು ಕೇಳಲಾರದೆ ಗಂಡನಿಗೆ ಸುಳ್ಳು ಹೇಳುತ್ತಿದ್ದಳು. ನನಗೆ ನಗುವೂ ಬಂತು, ಇನ್ನೇನೋ ಆಯಿತು. ಏಣಿ ಇಟ್ಟು ಅಟ್ಟ ಹತ್ತಿದೆ. ಮೊದಲ ಬಾರಿ. ಕತ್ತಲಲ್ಲಿ ಭರಣಿಗಳು ತಲೆಗೆ ಬಟ್ಟೆ ಕಟ್ಟಿಕೊಂಡ ಮುದುಕಿಯರಂತೆ ಸಾಲಾಗಿದ್ದವು. ಒಂದರ ಬಟ್ಟೆ ಬಿಚ್ಚಿ, ಒಣ ಸೌಟಿನಿಂದ ಮಿಡಿಗಳನ್ನು ಬಟ್ಟಲಿಗೆ ತೆಗೆದು, ಮತ್ತೆ ಬಿಗಿಯಾಗಿ ಕಟ್ಟಿ ಇಳಿದೆ.

ಅವರ ಹಿತ್ತಿಲ ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತ ನನ್ನನ್ನು ಸಾವಿತ್ರಕ್ಕ ನೋಡಿದಳು. ಅವಳ ಕಣ್ಣು ನನ್ನನ್ನು ದಾಟಿ ನಮ್ಮ ಕಿಟಕಿಯ ಕಡೆ ಹೋಯಿತು. ತುಟಿಯೂ ಅಲುಗಿತು. ಅವಳಿಗೆ ಆ ಪ್ರಶ್ನೆ ಎಷ್ಟು ದೊಡ್ಡದೆಂದು ನನಗೆ ಗೊತ್ತಿತ್ತು. ಇಡೀ ವರ್ಷದ ಉಪ್ಪಿನಕಾಯಿ, ಅವಳ ಅಮ್ಮನಿಂದ ಬಂದ ನೇಮ, ಎಲ್ಲ ಅದರಲ್ಲಿತ್ತು. ಕೇಳಲಿಲ್ಲ. ಎರಡೂ ಕೈ ಚಾಚಿ ಬಟ್ಟಲು ತೆಗೆದುಕೊಂಡಳು.

“ಬಟ್ಟೆ ಗಟ್ಟಿ ಕಟ್ಟಿದ್ಯನೆ?” ಎಂದಳು.

“ಕಟ್ಟೇನಿ ಅಕ್ಕಾ.”

“ಅಡ್ಡಿಲ್ಲೆ ಹಂಗಾರೆ.”

ಅಂದು ಉತ್ತರ ಏನಾಗುತ್ತಿತ್ತು ಎಂಬುದನ್ನು ನಿಮಗೂ ಹೇಳುವುದಿಲ್ಲ. ಆ ವರ್ಷ ಉಪ್ಪಿನಕಾಯಿ ಕೆಡಲಿಲ್ಲ ಎಂದಷ್ಟೇ ಹೇಳುತ್ತೇನೆ. ಆ ಮನೆಯಲ್ಲಿ ಇರುವ ತನಕ ಅಟ್ಟದಿಂದ ತೆಗೆದು ಕೊಡುವ ಕೆಲಸ ನನ್ನದಾಯಿತು. ಕೀಲಿಯನ್ನು ಮಾತ್ರ ಅವಳಿಗೆ ತಿರುಗಿ ಕೊಡಲಿಲ್ಲ, ಮನೆ ಬಿಡುವ ದಿನದವರೆಗೂ. ಅವಳು ಕೇಳಲೂ ಇಲ್ಲ.

ಇವತ್ತು ಸಂಜೆ ನರ್ಸು ಹುಡುಗಿ ಬಂದಳು. ಗೋಡೆ ಅಷ್ಟಗಲ ಒದ್ದೆಯಾಗಿತ್ತು. “ಅಯ್ಯೋ ಆಂಟಿ, ನಿಮ್ಮ ಹತ್ರ ಕೀಲಿ ಇತ್ತಲ್ಲ, ತೆಗೆದು ಬಂದ್ ಮಾಡೂದಲ್ದಾ?”

“ನೀನು ಬರ್ಲಿ ಅಂತ ಬಿಟ್ಟೆ,” ಎಂದೆ.

ಮೇಲೆ ಹೋಗಿ ಹೊಸ್ತಿಲ ಹೊರಗೆ ನಿಂತೆ. ಬನ್ನಿ, ಅಲ್ಲೆಂತಕ್ಕೆ ನಿಂತ್ರಿ ಎಂದು ಅವಳು ಕರೆದ ಮೇಲೆ ಒಳಗೆ ಹೋದೆ. ನಲ್ಲಿ ಸರಿಯಾಯಿತು. ಅವಳು ಕಿಟಕಿಯಲ್ಲಿದ್ದ ತಂಬಿಗೆಯನ್ನು ಎತ್ತಿ, ಅದರಲ್ಲೇ ನೀರು ತುಂಬಿ, ಒಂದು ತುಂಡು ಬೆಲ್ಲದ ಜೊತೆ ನನ್ನ ಮುಂದಿಟ್ಟಳು. ಮನೆಗೆ ಬಂದವರಿಗೆ ಕೊಡುವ ಹಾಗೆ. ಬೆಲ್ಲ ಬಾಯಿಗೆ ಹಾಕಿಕೊಂಡೆ. ನೀರು ಕುಡಿದೆ. ಹೊರಡುವಾಗ ನನ್ನ ಕೀಲಿಯನ್ನು ಅವಳ ಮೇಜಿನ ಮೇಲಿಟ್ಟು, “ಇದೂ ನಿನ್ನ ಹತ್ರನೇ ಇರ್ಲಿ,” ಎಂದೆ.

ಅವಳಿಗೆ ಅರ್ಥವಾಗಲಿಲ್ಲ. “ಬ್ಯಾಡ ಆಂಟಿ. ನನ್ನದು ಕಳೆದುಹೋದ್ರೆ ಯಾರನ್ನ ಕೇಳ್ಲಿ? ನೀವೇ ಇಟ್ಕಳಿ,” ಎಂದು ಎತ್ತಿ ನನ್ನ ಅಂಗೈಯಲ್ಲಿಟ್ಟಳು.

ಮೆಟ್ಟಿಲಿಳಿಯುವಾಗ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಂದೆ. ಈ ಮನೆ ಕಟ್ಟಿದಂದಿನಿಂದ ನನ್ನ ಹತ್ತಿರವೇ ಇದ್ದ ಕೀಲಿ. ಇವತ್ತು ಅವಳು ಕೊಟ್ಟಳು.