ಬರೀ ಹಣೆಯ ಹೆಣ್ಣುಮಗಳು

ಆ ಹೆಣ್ಣುಮಗಳ ಮುಖ ಅಳಿಸಿದವನು ನಾನೇ. ಒದ್ದೆ ಬಟ್ಟೆಯೂ ನನ್ನದು, ಅವಸರವೂ ನನ್ನದು. ತಪ್ಪೆಲ್ಲ ದೊಡ್ಡವ್ವನದೆಂದು ಎಷ್ಟೋ ವರ್ಷ ಅವಳ ದನಿಯಲ್ಲೇ ಅಣಕ ಮಾಡಿ ಮಂದಿಯನ್ನು ನಗಿಸಿದ್ದೇನೆ, ಅದು ಬೇರೆ ಮಾತು.

ತೊಂಬತ್ತರ ದಶಕದ ಕೊನೆ. ಬೈಲಹೊಂಗಲದ ಕಾಲೇಜಿನಲ್ಲಿ ಪಾಠಕ್ಕಿಂತ ಪಾಠ ಹೇಳುವವರ ದನಿ ತೆಗೆಯುವುದರಲ್ಲೇ ನಾನು ಹೆಸರು ಮಾಡಿದ್ದೆ. ಬೆಳಗಾವಿಯ ರದ್ದಿ ಅಂಗಡಿಯಲ್ಲಿ ಒಂದು ಇಂಗ್ಲಿಷ್ ಕಾಮಿಕ್ಸ್ ಸಿಕ್ಕಿತು. ಆಕಾಶದಿಂದ ಬೆಂಕಿ ಸುರಿದು ಜಗತ್ತೆಲ್ಲ ಬೂದಿಯಾಗಿ, ಒಬ್ಬಳೇ ಹೆಣ್ಣುಮಗಳು ಉಳಿದ ಕಥೆ. ಮುಖಪುಟದಲ್ಲಿ ಅವಳು ಬೂದಿಗುಡ್ಡೆಯ ಮೇಲೆ ಕುಳಿತು ತಗಡಿನ ಡಬ್ಬಿಯಿಂದ ಏನೋ ತಿನ್ನುತ್ತಿದ್ದಳು.

ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಓದುತ್ತ ನಿಂತಾಗ ರಾಮದುರ್ಗದ ಒಬ್ಬ ಡ್ರಾಯಿಂಗ್ ಮಾಸ್ತರರು ತಾವಾಗಿಯೇ ಮಾತಾಡಿಸಿದರು. ಎರಡು ಟ್ರಂಕು ತುಂಬ ಕಾಮಿಕ್ಸ್ ಕೂಡಿಟ್ಟವರು. ನನ್ನ ಪುಸ್ತಕವನ್ನು ಕರವಸ್ತ್ರದಲ್ಲಿ ಹಿಡಿದು, ಉಸಿರು ತಾಗೀತೆಂದು ಪಕ್ಕಕ್ಕೆ ತಿರುಗಿ ಮಾತಾಡಿದರು. ಇದು ಅವಳು ಮೊಟ್ಟಮೊದಲು ಕಾಣಿಸಿಕೊಂಡ ಸಂಚಿಕೆಯಂತೆ. ಕಲೆ, ಮಡಿಕೆ ಇಲ್ಲದ ಪ್ರತಿಗಾಗಿ ಸಂಗ್ರಹಿಸುವವರು ಊರೂರು ಅಲೆಯುತ್ತಾರಂತೆ. ಮಾಸ್ತರರ ಬಳಿ ಕೊನೆಯ ಸಂಚಿಕೆಯ ಎರಡು ಪ್ರತಿ ಇದ್ದವು. ರವಿವಾರ ನಿಮ್ಮ ಮನೆಗೇ ಒಂದನ್ನು ತರುತ್ತೇನೆ, ಅಲ್ಲಿಯವರೆಗೆ ಇದು ಹೀಗೇ ಇದ್ದರೆ ಅದಲುಬದಲು ಮಾಡಿಕೊಳ್ಳೋಣ ಎಂದರು. ನನಗೆ ತಿಳಿಯಬೇಕಾಗಿದ್ದು ಒಂದೇ, ಕೊನೆಗೆ ಅವಳಿಗೆ ಇನ್ನೊಬ್ಬ ಮನುಷ್ಯ ಸಿಗುತ್ತಾನೋ ಇಲ್ಲವೋ. ಮಾಸ್ತರರು ಬಾಯಿಬಿಟ್ಟು ಹೇಳಲೊಲ್ಲರು.

ರವಿವಾರದವರೆಗೆ ನಾನೂ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಶನಿವಾರ ದೊಡ್ಡವ್ವ ಶೇಂಗಾ ಸುಲಿಯುತ್ತ ಕುಳಿತಾಗ ಇಡೀ ಕಥೆಯನ್ನು ಆಡಿ ತೋರಿಸಿದೆ. ಬೆಂಕಿಯೂ ನಾನೇ, ಗಾಳಿಯೂ ನಾನೇ. ಉಳಿದವಳ ಮಾತಿಗೆ ಮುನವಳ್ಳಿಯ ಅತ್ತೆಯ ದನಿ ಕೊಟ್ಟೆ. ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಹಿಗ್ಗಿದೆ.

ಮರುದಿನ ಸ್ನಾನ ಮುಗಿಸಿ ಬಂದು ನೋಡಿದರೆ ಮುಖಪುಟದವಳ ಹಣೆಯ ಮೇಲೆ ಬೆಳ್ಳನೆಯ ಮೂರು ಗೆರೆ. ನಮ್ಮ ಮನೆಯಲ್ಲಿ ವಿಭೂತಿ ಇಲ್ಲದೆ ಯಾರೂ ಉಣ್ಣಲು ಕೂರುವಂತಿಲ್ಲ; ನನ್ನ ಮುಂದಿನ ತಾಟನ್ನೇ ದೊಡ್ಡವ್ವ ಎಷ್ಟು ಸಲ ಎತ್ತಿಟ್ಟಿದ್ದಾಳೋ. ಈಗ ಡಬ್ಬಿ ಹಿಡಿದು ಕುಳಿತವಳೂ ಅವಳ ಲೆಕ್ಕಕ್ಕೆ ಬಂದಿದ್ದಳು. ದೊಡ್ಡವ್ವ ಪೂಜೆಯಿಂದ ಎದ್ದವಳೇ ಒದ್ದೆ ಕಿರುಬೆರಳಿನಿಂದ ಎಳೆದುಬಿಟ್ಟಿದ್ದಳು. ಒಣಗಲು ಬಿಟ್ಟು ಮೆಲ್ಲಗೆ ಝಾಡಿಸಿದ್ದರೆ ಉದುರುತ್ತಿತ್ತೇನೋ. ನಾನು ತಿಕ್ಕಿದೆ. ವಿಭೂತಿ ಹೋಯಿತು, ಜೊತೆಗೆ ಹಣೆ, ಒಂದು ಕಣ್ಣು, ಅರ್ಧ ಮೂಗು. ಜಗತ್ತು ಸುಟ್ಟರೂ ಉಳಿದವಳು ನನ್ನ ಕೈಯಲ್ಲಿ ಉಳಿಯಲಿಲ್ಲ.

ಯರಗಟ್ಟಿಯಲ್ಲಿ ಬಸ್ಸು ಬದಲಿಸಿ, ಬೆವರಿ ತೊಯ್ದು ಬಂದ ಮಾಸ್ತರರು ಕರವಸ್ತ್ರ ತೆಗೆದರು. ಪುಸ್ತಕ ನೋಡಿದರು. ಕರವಸ್ತ್ರದಿಂದ ತಮ್ಮ ಮುಖವನ್ನೇ ಒರೆಸಿಕೊಂಡರು. ಕೊನೆಯ ಸಂಚಿಕೆ ಚೀಲದಿಂದ ಹೊರಗೇ ಬರಲಿಲ್ಲ. ನಾನು ನಾಚಿಕೆಯಿಲ್ಲದೆ ದೊಡ್ಡವ್ವನತ್ತ ಬೆರಳು ತೋರಿಸಿದೆ.

‘‘ಅಲ್ರಿ ಅವ್ವಾರ,’’ ಎಂದರು ಮಾಸ್ತರರು, ಅಳುವಂತಾಗಿ, ‘‘ಊರು ಕೇರಿ ಎಲ್ಲಾ ಸುಟ್ಟು ಬೂದಿ ಆಗೇತ್ರಿ ಅದರಾಗ. ಅಂಥಾದ್ರಾಗ ಉಳದಾಕಿ ಹಣಿಗಿ ವಿಭೂತಿ ಎಲ್ಲಿಂದ ಬರಬೇಕ್ರಿ?’’

ದೊಡ್ಡವ್ವ ಚಹಾದ ಕಪ್ಪನ್ನು ಅವರ ಮುಂದಿಟ್ಟಳು.

‘‘ಅಷ್ಟು ಬೂದ್ಯಾಗ ಕುಂತಾಳಲ್ರಿ ಮಾಸ್ತರ, ಹಣಿಗಿ ಹಚ್ಚಾಕ ಒಂದು ಚಿಟಿಕಿ ಸಿಗಲಿಲ್ಲೇನ್ರಿ ಆಕಿಗಿ?’’